ಬೆತ್ತ, ಬಹುಮಾನ ಮತ್ತು ಗರಗಸ: ಶಾಲೆಯಲ್ಲಿ ಪ್ರೇರಣೆ, ಕಲಿಕಾ ಶೈಲಿ, ಶಿಸ್ತು

ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಮೂರು ವಿಷಯಗಳು ತಪ್ಪದೆ ಬರುತ್ತವೆ: ಮಕ್ಕಳಿಗೆ ಕಲಿಯುವ ಪ್ರೇರಣೆ ತುಂಬುವುದು, ಅವರವರ ಕಲಿಕಾ ಶೈಲಿ ಗುರುತಿಸುವುದು, ತರಗತಿಯಲ್ಲಿ ಶಿಸ್ತು ಕಾಪಾಡುವುದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದ್ದರೂ ಇವುಗಳ ಹಿಂದಿರುವ ಪುರಾವೆ ಒಂದೇ ತೂಕದ್ದಲ್ಲ. ಪ್ರೇರಣೆಯ ಬಗ್ಗೆ ಐವತ್ತು ವರ್ಷಕ್ಕೂ ಮೀರಿದ ಪ್ರಯೋಗಗಳಿವೆ. ಕಲಿಕಾ ಶೈಲಿಯ ಮಾತು ಜಗತ್ತಿನ ತುಂಬ ಹಬ್ಬಿದೆ, ಅದರ ಆಧಾರ ಮಾತ್ರ ತೀರಾ ತೆಳು. ಶಿಸ್ತಿನ ವಿಚಾರದಲ್ಲಿ ಕಾಯ್ದೆ ಹೇಳುವುದೊಂದು, ಊರು ನಂಬಿರುವುದು ಇನ್ನೊಂದು.

ಮಗುವಿಗೆ ಮೊದಲು ಮನಸ್ಸು ಬರಬೇಕು, ಆಮೇಲೆ ಪಾಠ ತಲೆಗೆ ಹೋಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಎಷ್ಟೋ ಸಲ ಆಗುವುದು ಇದರ ತಿರುವುಮುರುವು. ಒಂದು ಕೆಲಸ ಕೈಗೂಡಿತು ಎಂದು ಗೊತ್ತಾದ ಮೇಲೆಯೇ ಮನಸ್ಸು ಅತ್ತ ಹೊರಳುತ್ತದೆ. ಪಠ್ಯಪುಸ್ತಕದ ಬದಲು ಕಾರ್ಡುಗಳಿಂದ ಪಾಠ ನಡೆಯುವ ಕರ್ನಾಟಕದ ನಲಿ-ಕಲಿ ತರಗತಿ ಇದನ್ನು ಕಣ್ಣಾರೆ ಕಾಣಬಹುದಾದ ಜಾಗ. ಅಲ್ಲಿಗೆ ಹೋಗುವ ಮುನ್ನ ಪ್ರಯೋಗಶಾಲೆಗಳಲ್ಲಿ ಏನು ಕಂಡಿತು ಎಂದು ನೋಡೋಣ.

ಬಹುಮಾನ ಕೊಟ್ಟರೆ ಆಸಕ್ತಿ ಬರುತ್ತದೆಯೇ

1971ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ ಒಂದು ಪ್ರಯೋಗ ಪ್ರಕಟಿಸಿದರು. ‘ಸೋಮಾ’ ಎಂಬ ಒಗಟಿನಲ್ಲಿ ಏಳು ತುಂಡುಗಳಿರುತ್ತವೆ, ಅವನ್ನು ಜೋಡಿಸಿ ಬಗೆಬಗೆಯ ಆಕಾರ ಮಾಡಬೇಕು. ಕಾಲೇಜು ವಿದ್ಯಾರ್ಥಿಗಳು ಮೂರು ಸರದಿ ಬಂದು ಇದನ್ನು ಬಿಡಿಸಿದರು. ಎರಡನೇ ಸರದಿಯಲ್ಲಿ ಒಂದು ಗುಂಪಿಗೆ ಮಾತ್ರ ಬಿಡಿಸಿದ ಒಂದೊಂದು ಆಕಾರಕ್ಕೂ ಒಂದು ಡಾಲರ್ ಸಿಕ್ಕಿತು. ಮೂರನೆಯದರಲ್ಲಿ ಯಾರಿಗೂ ಹಣವಿಲ್ಲ. ಪ್ರತಿ ಸರದಿಯ ನಡುವೆ ಡೆಸಿ ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಕೋಣೆಯಲ್ಲಿ ಪತ್ರಿಕೆಗಳೂ ಇದ್ದವು. ಯಾರೂ ಹೇಳದಿದ್ದಾಗ ಯಾರು ಒಗಟಿಗೆ ಕೈಹಾಕುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಹಣ ಪಡೆದಿದ್ದವರ ಒಲವು ಮೂರನೇ ಸರದಿಯ ಹೊತ್ತಿಗೆ ಇಳಿದಿತ್ತು.

ಎರಡು ವರ್ಷದ ಬಳಿಕ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಇದನ್ನೇ ಶಿಶುವಿಹಾರಕ್ಕೆ ಒಯ್ದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಆರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು, ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಅದೇ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟಾಗ, ಪ್ರಶಸ್ತಿಗೋಸ್ಕರ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ತೊಡಗಿದರು. ಹೇಳದೆ ಬಹುಮಾನ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಕೊಡುವ ಸ್ಟೀಲ್ ಲೋಟ, ಟಿಫನ್ ಡಬ್ಬಿಗಳನ್ನು ನಿಲ್ಲಿಸಬೇಕಾಗಿಲ್ಲ ಎಂದಾಯಿತು. ಕೆಡುಕು ಮಾಡುವುದು ‘ಇದನ್ನು ಮಾಡಿದರೆ ಅದನ್ನು ಕೊಡುತ್ತೇನೆ’ ಎಂಬ ವ್ಯಾಪಾರ.

ಇದನ್ನು ಅತಿಗೆ ಎಳೆಯುವುದೂ ತಪ್ಪೇ. ಕೆಲಸವೇ ಬೇಸರದ್ದಾಗಿದ್ದರೆ, ಉದಾಹರಣೆಗೆ ಕೈಬರಹ ತಿದ್ದುವ ನಾಲ್ಕು ಪುಟ, ಬಹುಮಾನದಿಂದ ನಷ್ಟವೇನಿಲ್ಲ. ಕಳೆದುಕೊಳ್ಳಲು ಅಲ್ಲಿ ಮೊದಲೇ ಆಸಕ್ತಿ ಇರುವುದಿಲ್ಲ. ಈ ಬಗ್ಗೆ ವಿದ್ವಾಂಸರ ನಡುವೆ ದಶಕಗಟ್ಟಲೆ ಜಟಾಪಟಿ ನಡೆದಿದೆ. ಡೆಸಿ ಮತ್ತು ರಿಚರ್ಡ್ ರಯಾನ್ 1980ರ ದಶಕದಲ್ಲಿ ರೂಪಿಸಿದ ಸಿದ್ಧಾಂತ ಮನುಷ್ಯನಿಗೆ ಮೂರು ಹಸಿವುಗಳಿವೆ ಎನ್ನುತ್ತದೆ. ತನ್ನ ಕೆಲಸ ತಾನೇ ಆರಿಸಿಕೊಂಡೆ ಎನಿಸಬೇಕು, ತನ್ನಿಂದ ಆಗುತ್ತದೆ ಎನಿಸಬೇಕು, ಸುತ್ತಲಿನವರಿಗೆ ತಾನು ಬೇಕಾದವನು ಎನಿಸಬೇಕು. ನಮ್ಮ ಶಾಲೆಗಳಲ್ಲಿ ಮೊದಲನೆಯದು ಅಪರೂಪ, ಮೂರನೆಯದು ಶಿಕ್ಷಕರ ಸ್ವಭಾವಕ್ಕೆ ಬಿಟ್ಟದ್ದು. ಎರಡನೆಯದನ್ನು ಮಾತ್ರ ಪಾಠ ಜೋಡಿಸುವ ಕ್ರಮದಿಂದಲೇ ತಂದುಕೊಡಬಹುದು.

‘ಜಾಣ’ ಎಂಬ ಹೊಗಳಿಕೆ

1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆ ಬಿಡಿಸಲು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟಿದ್ದೀಯ’ ಎಂದರು. ಮುಂದೆ ಸುಲಭದ್ದು ಬೇಕೋ ಕಲಿಯಲು ಸಿಗುವಂಥದ್ದು ಬೇಕೋ ಎಂದು ಕೇಳಿದಾಗ ಜಾಣ ಎನಿಸಿಕೊಂಡವರಲ್ಲಿ ಹೆಚ್ಚಿನವರು ಜಾಣತನಕ್ಕೆ ಕುಂದು ಬಾರದಂಥ ಸುಲಭದ ದಾರಿ ಹಿಡಿದರು. ನಡುವೆ ಒಂದು ಕಷ್ಟದ ಸುತ್ತಿನಲ್ಲಿ ಎಲ್ಲರೂ ಸೋತರು. ಅದಾದ ಮೇಲೆ ಮೊದಲಿನಷ್ಟೇ ಸುಲಭದ ಲೆಕ್ಕ ಕೊಟ್ಟರೂ ಜಾಣರ ಅಂಕ ಇಳಿಯಿತು, ಶ್ರಮದ ಮಾತು ಕೇಳಿದವರದ್ದು ಏರಿತು. ತಮ್ಮ ಅಂಕವನ್ನು ತಾವೇ ಬರೆದುಕೊಡುವಾಗ ಸುಳ್ಳು ಬರೆದವರೂ ಜಾಣರ ಗುಂಪಿನಲ್ಲೇ ಹೆಚ್ಚು.

ಇಂಥ ಪ್ರಯೋಗಗಳಿಂದ ಹೊರಟ, ಶ್ರಮದಿಂದ ಬುದ್ಧಿ ಬೆಳೆಯುತ್ತದೆ ಎನ್ನುವ ‘ಬೆಳವಣಿಗೆಯ ಮನೋಭಾವ’ ಎಂಬ ಮಾತು ಇವತ್ತು ಖಾಸಗಿ ಶಾಲೆಗಳ ಗೋಡೆಬರಹವಾಗಿಬಿಟ್ಟಿದೆ. ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ತರಗತಿ ವಿದ್ಯಾರ್ಥಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಇದನ್ನು ಕಲಿಸುವ ಪಾಠದ ಪರಿಣಾಮ ಕಂಡದ್ದು ಮುಖ್ಯವಾಗಿ ಹಿಂದುಳಿದ ಮಕ್ಕಳಲ್ಲಿ, ಅದೂ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕದಲ್ಲಿ ಸುಮಾರು 0.1ರಷ್ಟು. ಒಂದು ಗಂಟೆಯೂ ಹಿಡಿಯದ ಪಾಠಕ್ಕೆ ಅಷ್ಟಾದರೂ ಸಿಕ್ಕಿತಲ್ಲ ಎನ್ನಬಹುದು, ಆದರೆ ಗೋಡೆಬರಹ ಭರವಸೆ ಕೊಡುವಷ್ಟಂತೂ ಅಲ್ಲ.

ಕಲಿಕಾ ಶೈಲಿ: ಹಬ್ಬಿದ್ದು ಹೆಚ್ಚು, ನಿಂತದ್ದು ಕಡಿಮೆ

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂಬ ವಿಂಗಡಣೆಯನ್ನು ಕೇಳದ ಶಿಕ್ಷಕರು ಇವತ್ತು ವಿರಳ. ಇದರ ಜನಪ್ರಿಯ ರೂಪಗಳಲ್ಲೊಂದಾದ ‘ವಾರ್ಕ್’ ಪ್ರಶ್ನಾವಳಿಯನ್ನು ನ್ಯೂಜಿಲೆಂಡಿನಲ್ಲಿ ಶಾಲಾ ತಪಾಸಣಾಧಿಕಾರಿಯಾಗಿದ್ದ ನೀಲ್ ಫ್ಲೆಮಿಂಗ್ 1987ರಲ್ಲಿ ರೂಪಿಸಿದರು. ಅದರಲ್ಲಿ ಓದಿ-ಬರೆದು ಕಲಿಯುವವರೆಂಬ ನಾಲ್ಕನೇ ಬಗೆಯೂ ಇದೆ. 2004ರಲ್ಲಿ ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ತಂಡ ಎಣಿಸಿದಾಗ ಇಂಥ ಕಲಿಕಾ ಶೈಲಿಯ ಮಾದರಿಗಳು 71 ಸಿಕ್ಕವು. ಒಂದೇ ಮಗು ಒಂದು ಮಾದರಿಯಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ.

ಮಕ್ಕಳಿಗೆ ಇಷ್ಟಾನಿಷ್ಟಗಳಿಲ್ಲ ಎಂದು ಯಾರೂ ವಾದಿಸುವುದಿಲ್ಲ. ಒಬ್ಬಳಿಗೆ ಚಿತ್ರ ಇಷ್ಟ, ಇನ್ನೊಬ್ಬನಿಗೆ ಕತೆ ಕೇಳುವುದಿಷ್ಟ. ಅವರವರ ಶೈಲಿಗೆ ಹೊಂದುವಂತೆ ಪಾಠ ಮಾಡಿದರೆ ಅವರು ಹೆಚ್ಚು ಕಲಿಯುತ್ತಾರೆಯೇ ಎಂಬುದಷ್ಟೇ ತಕರಾರು. ಅದನ್ನು ಸಾಬೀತು ಮಾಡಲು ನೋಡಿ ಕಲಿಯುವವರನ್ನೂ ಕೇಳಿ ಕಲಿಯುವವರನ್ನೂ ತಲಾ ಎರಡು ಭಾಗ ಮಾಡಿ, ಅರ್ಧ ಜನಕ್ಕೆ ಚಿತ್ರದಲ್ಲಿ, ಅರ್ಧ ಜನಕ್ಕೆ ಮಾತಿನಲ್ಲಿ ಪಾಠ ಹೇಳಿ, ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಚಿತ್ರದವರು ಚಿತ್ರದಲ್ಲೂ ಮಾತಿನವರು ಮಾತಿನಲ್ಲೂ ಮುಂದೆ ಬರಬೇಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಹೀಗೆ ಸರಿಯಾಗಿ ನಡೆಸಿದ ಪರೀಕ್ಷೆಗಳೇ ಕೆಲವು, ಅವುಗಳಲ್ಲೂ ಹಲವು ತಿರುಗುಬಾಣವಾಗಿದ್ದವು. ಶಾಲೆಗಳು ಇದಕ್ಕೆ ದುಡ್ಡು ಹಾಕಲು ಆಧಾರವಿಲ್ಲ ಎಂದು ಅವರು ಬರೆದರು. ನಾಲ್ಕು ವರ್ಷದ ಬಳಿಕ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶಿಕ್ಷಕರನ್ನು ಕೇಳಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕಲಿಕಾ ಶೈಲಿಯನ್ನು ನಂಬುತ್ತಲೇ ಇದ್ದರು. ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿ ಸಿದ್ಧಾಂತವನ್ನೂ ಇದರ ಜೊತೆ ಕಲಸಿ ಹೇಳುವುದುಂಟು. ತಾನು ಹೇಳಿದ್ದು ಕಲಿಕಾ ಶೈಲಿಯ ಮಾತಲ್ಲ ಎಂದು ಗಾರ್ಡ್ನರ್ ಅವರೇ ಬಿಡಿಸಿ ಹೇಳಬೇಕಾಯಿತು.

ಪಾಠದ ರೀತಿಯನ್ನು ತೀರ್ಮಾನಿಸುವುದು ಹೆಚ್ಚಾಗಿ ವಿಷಯವೇ. ಕಾವೇರಿ ಹರಿಯುವ ದಾರಿಯನ್ನು ನಕ್ಷೆಯಿಲ್ಲದೆ ಹೇಳಿದರೆ ಯಾವ ಮಗುವಿಗೂ ತಿಳಿಯದು. ಪದ್ಯವನ್ನು ರಾಗವಾಗಿ ಕೇಳಿಸದೆ ಹಲಗೆಯ ಮೇಲೆ ಬರೆದು ಮುಗಿಸಿದರೆ ಯಾರಿಗೂ ದಕ್ಕದು. ಕೋನ ಅಳೆಯುವುದನ್ನು ಕೋನಮಾಪಕ ಕೈಗೆ ಕೊಟ್ಟೇ ಕಲಿಸಬೇಕು. ಆ ಮಗು ‘ಕೇಳಿ ಕಲಿಯುವವನು’ ಎಂಬ ಚೀಟಿ ಅಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಬದಲಿಗೆ ‘ನನಗೆ ಓದುವುದು ಒಗ್ಗುವುದಿಲ್ಲ, ನಾನು ನೋಡಿ ಕಲಿಯುವವನು’ ಎಂದು ಹನ್ನೆರಡು ವರ್ಷದ ಹುಡುಗನೊಬ್ಬ ಪುಸ್ತಕ ಮುಚ್ಚಿಡಲು ನೆಪವಾಗುತ್ತದೆ.

ಎಲ್ಲ ಮಕ್ಕಳಿಗೂ ನಾಟುವ ಉಪಾಯಗಳು ಬೇರೆಯೇ ಇವೆ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ಓದಿದ್ದು ಹೆಚ್ಚು ಕಾಲ ಉಳಿಯುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಒಂದು ಗದ್ಯಭಾಗವನ್ನು ಕೆಲವರಿಗೆ ಎರಡು ಸಲ ಓದಿಸಿದರು, ಕೆಲವರಿಗೆ ಒಮ್ಮೆ ಓದಿಸಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಲೆಕ್ಕ ತಿರುಗಿತು: ಪುಸ್ತಕ ಮುಚ್ಚಿ ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ, ತಿಥಿ, ವಾರ, ನಕ್ಷತ್ರ ಒಪ್ಪಿಸಿಕೊಳ್ಳುತ್ತಿದ್ದ ಅಜ್ಜಂದಿರು ಈ ವಿಷಯದಲ್ಲಿ ಸರಿಯಾಗಿಯೇ ಇದ್ದರು. ಬಾಯಿಪಾಠವನ್ನು ಬೈಯುವ ಭರದಲ್ಲಿ ನಾವು ಇದನ್ನೂ ಬಿಟ್ಟುಬಿಟ್ಟೆವು.

ಬೆತ್ತದಿಂದ ಕಾಯ್ದೆಗೆ

ಹಳೆಯ ಕೂಲಿಮಠದ ಐಗಳ ಕೈಯಲ್ಲಿ ಶಿಕ್ಷೆಗಳ ಒಂದು ಪಟ್ಟಿಯೇ ಇತ್ತು. ನಾಗರಬೆತ್ತದ ಏಟು, ಹುಣಸೆ ಬರಲು, ಬಸ್ಕಿ, ಇಲ್ಲದ ಕುರ್ಚಿಯ ಮೇಲೆ ಕೂರುವುದು, ಮರಳ ಮೇಲೆ ಮೊಣಕಾಲೂರುವುದು. ಎಲ್ಲಕ್ಕಿಂತ ಘೋರವಾದ ಕೋದಂಡದಲ್ಲಿ ಹುಡುಗ ತೊಲೆಗೆ ಬಿಗಿದ ಹಗ್ಗ ಹಿಡಿದು ನೇತಾಡಬೇಕಿತ್ತು. ಕೋದಂಡ ಹೋಯಿತು, ಬಸ್ಕಿ ಉಳಿದಿದೆ. ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ ಸಾರ್, ನಮ್ಮ ಹುಡುಗನಿಗೆ ವಿದ್ಯೆ ಹತ್ತಿದರೆ ಸಾಕು’ ಎಂದು ಮಗನನ್ನು ಸೇರಿಸುವಾಗಲೇ ಒಪ್ಪಿಗೆ ಕೊಡುವ ತಂದೆಯರು ಈಗಲೂ ಇದ್ದಾರೆ.

ಕಾಯ್ದೆ ಈ ಒಪ್ಪಿಗೆಯನ್ನು ಮಾನ್ಯ ಮಾಡುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ ಜರುಗಿಸಬೇಕು. ಮಾನಸಿಕ ಕಿರುಕುಳ ಎಂಬ ಮಾತು ಮುಖ್ಯ. ಕೈ ಎತ್ತದೆ, ಜಾತಿ ಹಿಡಿದು ಅಥವಾ ಅಂಕ ಹಿಡಿದು ತರಗತಿಯ ಎದುರು ಹಂಗಿಸುವುದೂ ಇದೇ ಸೆಕ್ಷನ್ನಿನೊಳಗೆ ಬರುತ್ತದೆ. ಅದಕ್ಕೂ ಮೊದಲು, 2000ದ ಡಿಸೆಂಬರಿನಲ್ಲಿ, ದೆಹಲಿ ಹೈಕೋರ್ಟ್ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ಹೊಡೆಯುವ ಅಧಿಕಾರವನ್ನು ರದ್ದು ಮಾಡಿತ್ತು. ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತಿರಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಬೇರೆ ದೇಶಗಳ ಕತೆಯೂ ಒಂದೇ ಸಮನಿಲ್ಲ. ಪೋಲೆಂಡ್ 1783ರಲ್ಲೇ ಶಾಲೆಯಲ್ಲಿ ಹೊಡೆಯುವುದನ್ನು ನಿಲ್ಲಿಸಿತು. ಬ್ರಿಟನ್ ತನ್ನ ಸರ್ಕಾರಿ ಶಾಲೆಗಳಲ್ಲಿ ಅದನ್ನು ಕೈಬಿಟ್ಟದ್ದು 1987ರಲ್ಲಿ. ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಶಾಲೆಯ ಹೊಡೆತ ಸಂವಿಧಾನಬಾಹಿರವಲ್ಲ ಎಂದಿತು, ಅಲ್ಲಿನ ಕೆಲವು ರಾಜ್ಯಗಳಲ್ಲಿ ಅದು ಇನ್ನೂ ಕಾನೂನುಬದ್ಧ.

ಹೊಡೆದರೆ ಏನಾಗುತ್ತದೆ? ಎಲಿಜಬೆತ್ ಗರ್ಶಾಫ್ 2002ರಲ್ಲಿ 88 ಅಧ್ಯಯನಗಳನ್ನು ಒಟ್ಟುಗೂಡಿಸಿ ಹನ್ನೊಂದು ಪರಿಣಾಮಗಳನ್ನು ಅಳೆದರು. ಆ ಅಧ್ಯಯನಗಳು ತಂದೆತಾಯಿ ಹೊಡೆಯುವುದರ ಕುರಿತಾದವು ಎಂಬುದು ನೆನಪಿರಲಿ. ಹತ್ತು ಪರಿಣಾಮಗಳು ಬೇಡದಂಥವು, ಒಂದು ಮಾತ್ರ ಬೇಕಾದದ್ದು: ಆ ಕ್ಷಣಕ್ಕೆ ಮಗು ಹೇಳಿದ್ದು ಕೇಳುತ್ತದೆ. ಬೆತ್ತ ಇಷ್ಟು ಕಾಲ ಬಾಳಿದ್ದರ ಗುಟ್ಟು ಆ ಒಂದರಲ್ಲೇ ಇದೆ. ಹೊಡೆದವರಿಗೆ ಫಲ ತಕ್ಷಣ ಕಾಣುತ್ತದೆ. ಮುಂದಿನ ವಾರ ಆ ಮಗು ಶಾಲೆಗೇ ಬರದಿದ್ದರೆ ಅದು ಹಾಜರಿ ಪುಸ್ತಕದಲ್ಲಿ ಕಾಣುತ್ತದೆಯೇ ಹೊರತು ಬೆತ್ತದ ಲೆಕ್ಕಕ್ಕೆ ಸೇರುವುದಿಲ್ಲ.

ಬೆತ್ತವಿಲ್ಲದೆ ತರಗತಿ ನಿಭಾಯಿಸುವವರು

ಮನೋವಿಜ್ಞಾನಿ ಜೇಕಬ್ ಕೌನಿನ್ ಒಂದು ದಿನ ಪಾಠ ಮಾಡುತ್ತಿದ್ದಾಗ ಹಿಂದಿನ ಸಾಲಿನಲ್ಲೊಬ್ಬ ಪತ್ರಿಕೆ ಓದುತ್ತಿದ್ದ. ಕೌನಿನ್ ಅವನನ್ನು ಗದರಿದರು. ಅವನೊಬ್ಬನೇ ಅಲ್ಲ, ಏನೂ ತಪ್ಪು ಮಾಡದ ಇತರರೂ ನೆಟ್ಟಗೆ ಕೂತರು. ಒಬ್ಬನನ್ನು ಗದರಿದರೆ ಉಳಿದವರ ಮೇಲೇನಾಗುತ್ತದೆ ಎಂಬ ಕುತೂಹಲ ಅಲ್ಲಿ ಹುಟ್ಟಿ ವರ್ಷಗಟ್ಟಲೆ ಸಂಶೋಧನೆಯಾಯಿತು. ಅವರು ತರಗತಿಗಳನ್ನು ವಿಡಿಯೊದಲ್ಲಿ ಹಿಡಿದು ನಿಮಿಷ ನಿಮಿಷ ನೋಡಿದರು. 1970ರಲ್ಲಿ ಪ್ರಕಟವಾದ ಫಲಿತಾಂಶ ಅವರು ಹುಡುಕಿಕೊಂಡು ಹೊರಟದ್ದಕ್ಕೆ ವಿರುದ್ಧವಾಗಿತ್ತು. ಗದರುವ ರೀತಿಗೂ ತರಗತಿಯ ಶಿಸ್ತಿಗೂ ಹೇಳಿಕೊಳ್ಳುವಂಥ ಸಂಬಂಧವೇ ಕಾಣಲಿಲ್ಲ. ಶಾಂತವಾದ ತರಗತಿಯ ಶಿಕ್ಷಕರಿಗೂ ಗಲಾಟೆ ತರಗತಿಯ ಶಿಕ್ಷಕರಿಗೂ ವ್ಯತ್ಯಾಸವಿದ್ದದ್ದು ಗಲಾಟೆ ಶುರುವಾಗುವ ಮುನ್ನ ಅವರು ಏನು ಮಾಡುತ್ತಿದ್ದರು ಎಂಬುದರಲ್ಲಿ.

ಒಳ್ಳೆಯ ಶಿಕ್ಷಕರಿಗೆ ಬೆನ್ನಲ್ಲೂ ಕಣ್ಣಿತ್ತು ಎಂದು ಮಕ್ಕಳು ನಂಬುತ್ತಿದ್ದರು. ಹಲಗೆ ಕಡೆ ತಿರುಗಿದ್ದರೂ ಮೂಲೆಯಲ್ಲಿ ಪೆನ್ಸಿಲ್ ಕಿತ್ತಾಟ ಶುರುವಾದದ್ದು ಅವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತಿತ್ತು. ಒಂದು ಮಗುವಿನ ಲೆಕ್ಕ ನೋಡುತ್ತಲೇ ಇನ್ನೊಂದಕ್ಕೆ ಕಣ್ಸನ್ನೆ ಮಾಡುತ್ತಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವಾಗ ತಡವರಿಸುತ್ತಿರಲಿಲ್ಲ. ‘ಪುಸ್ತಕ ತೆಗೀರಿ… ಇರಿ, ಬೇಡ, ಮೊದಲು ಹೋಂವರ್ಕ್ ತೋರಿಸಿ… ಯಾರದು ಅಲ್ಲಿ ಮಾತಾಡ್ತಿರೋದು?’ ಎನ್ನುವ ಅರ್ಧ ನಿಮಿಷವಿದೆಯಲ್ಲ, ನಲವತ್ತು ಮಕ್ಕಳ ಕೈ ಖಾಲಿಯಾಗುವುದು ಆಗಲೇ. ಮಾತಾಡಿದವರ ಹೆಸರನ್ನು ಮಾನಿಟರ್‌ ಕೈಯಲ್ಲಿ ಹಲಗೆ ಮೇಲೆ ಬರೆಸುವ ನಮ್ಮ ಪದ್ಧತಿ ಗಲಾಟೆಯ ದಾಖಲೆ ಇಡುತ್ತದೆ, ಅಷ್ಟೇ.

ನಲಿ-ಕಲಿ: ಎಚ್.ಡಿ. ಕೋಟೆಯ ಪ್ರಯೋಗ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾಯಿತು. ಕಾಡಂಚಿನ ತಾಲ್ಲೂಕು, ಜೇನುಕುರುಬರ ಹಾಡಿಗಳು, ಒಂದಿಬ್ಬರೇ ಶಿಕ್ಷಕರಿರುವ ಶಾಲೆಗಳು. ಇಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿಂದ ಪಾಠ ನಡೆಯುವುದನ್ನು ಕಂಡು ಬಂದರು. ಬಂದು ಕನ್ನಡಕ್ಕೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಬರೆದರು. ಮೇಲಿನಿಂದ ಬಂದ ಸುತ್ತೋಲೆಗೆ ಸಿಗದ ಒಲವು ಈ ಯೋಜನೆಗೆ ಶಿಕ್ಷಕರಲ್ಲಿ ಸಿಕ್ಕಿದ್ದಕ್ಕೆ ಇದೊಂದು ಕಾರಣ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು.

ಕೋಣೆಯೊಳಗೆ ಬೆಂಚಿಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಒಂದೊಂದು ಮೆಟ್ಟಿಲಿಗೂ ಪ್ರಾಣಿ, ಪಕ್ಷಿ, ವಾಹನದಂಥ ಚಿತ್ರದ ಗುರುತು, ಗುರುತಿಗೆ ತಕ್ಕ ಕಾರ್ಡು. ಮಗು ಬೆಳಿಗ್ಗೆ ಏಣಿಯ ಹತ್ತಿರ ಹೋಗಿ ನಿನ್ನೆ ಎಲ್ಲಿಗೆ ಬಂದಿದ್ದೆ ಎಂದು ನೋಡಿ, ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು, ಆ ಕೆಲಸಕ್ಕೆ ಮೀಸಲಾದ ಗುಂಪಿನಲ್ಲಿ ಕೂರುತ್ತದೆ. ಹೊಸ ಪಾಠದ ಗುಂಪಿನಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಮುಂದಿನದರಲ್ಲಿ ಅಲ್ಪಸ್ವಲ್ಪ. ಆಮೇಲೆ ಜೊತೆಯ ಮಕ್ಕಳ ನೆರವು, ಕೊನೆಗೆ ಮಗು ತಾನೇ ತಾನಾಗಿ ಮಾಡುವ ಗುಂಪು. ಮಕ್ಕಳ ಚಿತ್ರ, ಬರಹಗಳು ತಲೆಯ ಮೇಲೆ ಕಟ್ಟಿದ ದಾರಗಳಲ್ಲಿ ತೂಗುತ್ತವೆ.

ಅಕ್ಷರ ಕಲಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಇಲ್ಲಿ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ, ಬರೆಯಲು ಸಲೀಸು, ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಆದರೆ ಇಷ್ಟರಿಂದಲೇ ಸರ, ರಸ, ಅರಸ, ಅಗಸ, ದಸರ, ಗರಗಸ ಎಲ್ಲವನ್ನೂ ಓದಬಹುದು. ಹಳೆಯ ಕ್ರಮದಲ್ಲಿ 49 ಅಕ್ಷರ ತಿದ್ದಿ, ಕಾಗುಣಿತ ಮುಗಿಸಿ, ಆಮೇಲೆ ಪದಕ್ಕೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಅಷ್ಟು ದಿನ ಮಗು ಯಾಕೆ ತಿದ್ದುತ್ತಿದ್ದೇನೆಂದು ತಿಳಿಯದೆ ತಿದ್ದಬೇಕಿತ್ತು, ಬೆತ್ತದ ಅಗತ್ಯ ಬೀಳುತ್ತಿದ್ದದ್ದೂ ಅಲ್ಲೇ. ಈಗ ಐದನೇ ಅಕ್ಷರ ಮುಗಿದಾಗಲೇ ಮಗು ‘ಗರಗಸ’ ಎಂದು ಓದಿ ಅಪ್ಪನ ಉಪಕರಣವೊಂದರ ಹೆಸರನ್ನು ಗುರುತಿಸುತ್ತದೆ. ಮುಂದಿನ ಜ, ವ, ಮ, ಬ, ನ ಗುಂಪು ಸೇರಿದರೆ ಮರ, ಜನ, ನಗರ, ಬಸವ. ಡೆಸಿ ಮತ್ತು ರಯಾನ್ ಹೇಳಿದ ‘ನನ್ನಿಂದ ಆಗುತ್ತದೆ’ ಎಂಬ ಹಸಿವಿಗೆ ಇಲ್ಲಿ ದಿನವೂ ತುತ್ತು ಬೀಳುತ್ತದೆ, ಅದಕ್ಕೆ ಚಾಕೊಲೇಟು ಬೇಕಾಗುವುದಿಲ್ಲ.

ಶಿಸ್ತೂ ಇದರೊಳಗೇ ಹೊಸೆದುಕೊಂಡಿದೆ. ಕಾರ್ಡು ತರಲು ಎದ್ದು ಓಡಾಡುವುದು ಇಲ್ಲಿ ಪಾಠದ ಭಾಗವಾದ್ದರಿಂದ ಓಡಾಟ ತಪ್ಪೆನಿಸುವುದಿಲ್ಲ. ಪಕ್ಕದವಳನ್ನು ಕೇಳುವುದು ನಕಲಲ್ಲ. ಹೊರಗಿನಿಂದ ನೋಡಿದವರಿಗೆ ಸಂತೆಯಂತೆ ಕಂಡರೂ ಕೈ ಖಾಲಿಯಿರುವ ಮಕ್ಕಳು ಕಡಿಮೆ. ಇನ್ನೊಂದು ಅನುಕೂಲ ಬಡ ಕುಟುಂಬಗಳಿಗೆ ಸಂಬಂಧಿಸಿದ್ದು. ಸುಗ್ಗಿಗೋ ಗುಳೆಗೋ ತಂದೆತಾಯಿಯ ಜೊತೆ ಹೋಗಿ ಮೂರು ವಾರ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಪಠ್ಯಪುಸ್ತಕದ ತರಗತಿಯಲ್ಲಿ ಅದೇ ಮಗು ಮೂರು ಪಾಠ ಹಿಂದೆ ಬಿದ್ದು, ಅರ್ಥವಾಗದೆ ಗಲಾಟೆ ಮಾಡಿ, ಬಾಗಿಲ ಹೊರಗೆ ನಿಲ್ಲುತ್ತಿತ್ತು.

ಎಲ್ಲ ಕಡೆ ಹೀಗೇ ನಡೆಯುತ್ತಿದೆ ಎಂದಲ್ಲ. ಕಾರ್ಡು ಹರಿದು, ಕಳೆದು, ಹೊಸ ಕಟ್ಟು ಬಾರದ ಶಾಲೆಗಳಿವೆ. ಕಾರ್ಡನ್ನೇ ಹಲಗೆಯ ಮೇಲೆ ಬರೆದು ಎಲ್ಲರಿಗೂ ಒಟ್ಟಿಗೆ ಓದಿಸುವವರಿದ್ದಾರೆ. ಒಬ್ಬರೇ ಶಿಕ್ಷಕರು ದಾಖಲೆ ತುಂಬುವುದರಲ್ಲೇ ಹೈರಾಣಾಗುತ್ತಾರೆ. ‘ಶಾಲೆಯಲ್ಲಿ ಬರೀ ಆಟ ಆಡಿಸ್ತಾರೆ’ ಎಂದು ಮಗುವನ್ನು ಕಾನ್ವೆಂಟಿಗೆ ಸೇರಿಸಿದ ಪೋಷಕರೂ ಕಡಿಮೆಯಿಲ್ಲ. ನೋಟ್‌ಬುಕ್ ತುಂಬಿದ್ದರೆ ಮಾತ್ರ ಪಾಠ ಆಗಿದೆ ಎಂದು ನಂಬುವ ಊರಿನಲ್ಲಿ ಕಾರ್ಡಿನ ಶಾಲೆಗೆ ಬೆಲೆ ಬರುವುದು ಕಷ್ಟ.

ಹಸಿದ ಹೊಟ್ಟೆ

ಇಷ್ಟೆಲ್ಲ ಹೇಳಿ ಹಸಿವಿನ ಮಾತು ಬಿಟ್ಟರೆ ಲೇಖನ ಪೂರ್ತಿಯಾಗದು. ಬೆಳಿಗ್ಗೆ ತಿನ್ನದೆ ಬಂದ ಮಗುವಿಗೆ ಹನ್ನೊಂದು ಗಂಟೆಗೆ ‘ಗಮನ ಕೊಡು’ ಎನ್ನುವುದರಲ್ಲಿ ಅರ್ಥವಿಲ್ಲ. ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಬಳಿಕ ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ ಅಕ್ಷರ ದಾಸೋಹದ ಬಿಸಿಯೂಟ ಶುರುವಾಗಿ ಮರುವರ್ಷ ಉಳಿದೆಡೆಗೂ ಬಂತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಸೇರಿತು. ಇವುಗಳನ್ನು ಯಾರೂ ಪ್ರೇರಣೆಯ ಅಧ್ಯಾಯದಲ್ಲಿ ಬರೆಯುವುದಿಲ್ಲ, ಬರೆಯಬೇಕು.

ನಾಲ್ಕನೇ ತರಗತಿಯ ಹೊಸಿಲು

ನಲಿ-ಕಲಿಯ ಏಣಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕರಲ್ಲಿ ಬೆಂಚು, ಪಠ್ಯಪುಸ್ತಕ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಎರಡನೇ ತರಗತಿಯ ಮೆಟ್ಟಿಲಿನಲ್ಲೇ ಉಳಿದಿದ್ದ ಮಗುವೂ ವಯಸ್ಸಿನ ಲೆಕ್ಕದಲ್ಲಿ ಇಲ್ಲಿಗೆ ಬಂದಿರುತ್ತದೆ. ‘ಈ ಮಕ್ಕಳಿಗೆ ಕೂತು ಅಭ್ಯಾಸವೇ ಇಲ್ಲ’ ಎಂಬ ದೂರು ಮೇಲಿನ ತರಗತಿಯ ಶಿಕ್ಷಕರದು. ಶಿಕ್ಷಣ ಹಕ್ಕು ಕಾಯ್ದೆ ಮೊದಲು ಎಂಟನೇ ತರಗತಿಯವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಬಾರದು ಎಂದಿತ್ತು. 2019ರ ತಿದ್ದುಪಡಿಯ ನಂತರ ಐದು ಮತ್ತು ಎಂಟರಲ್ಲಿ ತಡೆಹಿಡಿಯುವ ಅಧಿಕಾರ ರಾಜ್ಯಗಳಿಗೆ ಬಂತು. ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸುವ ಕರ್ನಾಟಕದ ಪ್ರಯತ್ನ 2023 ಮತ್ತು 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಅಷ್ಟೂ ವಾದ ಪರೀಕ್ಷೆಯ ಸುತ್ತಲೇ ನಡೆಯಿತು, ಹಿಂದುಳಿದ ಮಗುವಿಗೆ ಮರುದಿನ ಬೆಳಿಗ್ಗೆ ಯಾವ ಪಾಠ ಎಂಬ ಮಾತು ಹೆಚ್ಚು ಕೇಳಿಬರಲಿಲ್ಲ.

ಆ ಮಾತು ಒಮ್ಮೆ ಬಂದದ್ದುಂಟು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳು ಓದು ಮರೆತಿದ್ದಾಗ, 2022-23ರಲ್ಲಿ ಇಲಾಖೆ ಒಂದರಿಂದ ಒಂಬತ್ತನೇ ತರಗತಿಯವರೆಗೆ ‘ಕಲಿಕಾ ಚೇತರಿಕೆ’ ನಡೆಸಿತು. ಹಿಂದಿನ ತರಗತಿಗಳಲ್ಲಿ ತಪ್ಪಿಹೋದ ಕಲಿಕೆಯನ್ನೂ ಒಳಗೊಂಡ ಕಲಿಕಾ ಹಾಳೆಗಳನ್ನು ಮಕ್ಕಳ ಕೈಗೆ ಕೊಟ್ಟರು. ಏಳನೇ ತರಗತಿಯ ಹುಡುಗ ಭಿನ್ನರಾಶಿಯ ಹಳೆಯ ಪಾಠಕ್ಕೆ ಹಿಂದಿರುಗಿದರೆ ಆ ಒಂದು ವರ್ಷ ಅದು ಅವಮಾನವೆನಿಸಲಿಲ್ಲ, ತರಗತಿಯ ಎಲ್ಲರೂ ಹಾಗೇ ಮಾಡುತ್ತಿದ್ದರು. ಮುಂದಿನ ವರ್ಷ ಶಾಲೆಗಳು ಮತ್ತೆ ಪಠ್ಯಪುಸ್ತಕಕ್ಕೆ ಮರಳಿದವು.